ಭಾಗವೂ ಭಾಗ್ಯವೂ

‘ಭಾಗ’ವೆಂಬ ಶಬ್ದವೂ ‘ಭಾಗ್ಯ’ವೆಂಬ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದುವು. ‘ಭಜ್’ ಎಂದರೆ ಹಂಚುವುದು. ಹಂಚಿ ಬಂದುದು ಭಾಗ. ಹಂಚಿಕೆಯಿಂದ ಒಬ್ಬನಿಗೆ ಸಲ್ಲತಕ್ಕುದು ಭಾಗ್ಯ. ವ್ಯಾಕರಣದಲ್ಲಿ ಇವೆರಡಕ್ಕೂ ಇಷ್ಟು ಹತ್ತಿರದ ನಂಟಿದ್ದರೂ ಲೋಕವ್ಯವಹಾರದಲ್ಲಿ ಇವುಗಳ ನಡುವೆ ಬಹಳ ದೂರವಿರುವುದನ್ನು ದಿನವೂ ಕಾಣುತ್ತೇವೆ. ಇಬ್ಬರಿಗೆ ಸಮವಾದ ಭಾಗವು ದೊರೆತ ಮಾತ್ರಕ್ಕೆ ಇಬ್ಬರ ಭಾಗ್ಯವೂ ಸಮವಾಗುವುದಿಲ್ಲ. ಒಂದೇ ಛಾವಣಿಯ ಕೆಳಗೆ, ಒಂದೇ ಒಲೆಯ ಅನ್ನವನ್ನು ಉಂಡು ಬೆಳೆದವರಲ್ಲಿಯೂ ಸುಖದ ತಾರತಮ್ಯವು ತೋರುವುದೇಕೆ ಎಂಬುದನ್ನು ಈ ಸಲ ವಾಚಕರೊಡನೆ ಕುಳಿತು ಆಲೋಚಿಸಬೇಕೆಂದಿರುವೆವು. ವಿಷಯವು ಅರ್ಥಶಾಸ್ತ್ರಕ್ಕೆ ಸೇರಿದ್ದೆಂದು ಹೆದರಬೇಕಾಗಿಲ್ಲ. ಅಡಿಗೆಯ ಮನೆಯನ್ನು ಬಲ್ಲವರೆಲ್ಲರೂ ಇದನ್ನು ಬಲ್ಲರು.

ನಮ್ಮದೇ ಒಂದು ತಪ್ಪಿನಿಂದ ಆರಂಭಿಸುವೆವು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಒಂದೇ ಮನೆಯಿಂದ ಅಣ್ಣನೂ ತಂಗಿಯೂ ಬರುತ್ತಿದ್ದರು. ಇಬ್ಬರಿಗೂ ಸರಕಾರದ ಪುಸ್ತಕವೇ, ಇಬ್ಬರಿಗೂ ಒಂದೇ ಬಟ್ಟೆಯ ಸಮವಸ್ತ್ರ, ಇಬ್ಬರಿಗೂ ಒಂದೇ ಕಾಲುದಾರಿ. ಅಣ್ಣನು ಲೆಕ್ಕದಲ್ಲಿ ಚುರುಕು. ತಂಗಿಯಾದರೋ ತಡವಾಗಿ ಬರುವಳು; ಮನೆಲೆಕ್ಕವನ್ನು ಮಾಡಿ ತಾರಳು; ಮಧ್ಯಾಹ್ನದ ಮೇಲೆ ತೂಕಡಿಸುವಳು. ನಾವು ಆಕೆಯನ್ನು ಹಲವು ಸಲ ಬೆಂಚಿನ ಮೇಲೆ ನಿಲ್ಲಿಸಿದೆವು. “ಒಂದೇ ತಾಯಿಯ ಮಕ್ಕಳಲ್ಲವೇ? ಅಣ್ಣನನ್ನು ನೋಡಿ ಕಲಿಯಬಾರದೇ?” ಎಂದು ಎಲ್ಲರ ಮುಂದೆ ಹೇಳಿದೆವು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುವುದು.

ಒಂದು ದಿನ ಜನಗಣತಿಯ ಕೆಲಸದಂತಹ ಯಾವುದೋ ಪಟ್ಟಿಯನ್ನು ತುಂಬುವುದಕ್ಕಾಗಿ ಆ ಮನೆಗೆ ಹೋಗಬೇಕಾಯಿತು. ಗುಡ್ಡೆಯ ಬದಿಯಲ್ಲಿ ಹಂಚಿನ ಚಿಕ್ಕ ಮನೆ. ಜಗಲಿಯ ಚಾಪೆಯ ಮೇಲೆ ನಾಲ್ಕೈದು ವರ್ಷದ ಒಬ್ಬ ಹುಡುಗನು ಮಲಗಿದ್ದನು. ಅವನಿಗೆ ಕೂರಲು ಬಾರದು, ಮಾತು ಬಾರದು. ಗಂಜಿಯನ್ನು ಚಮಚದಿಂದ ಬಾಯಿಗೆ ಹಾಕಿ ನುಂಗುವವರೆಗೆ ಕಾಯಬೇಕು. ತಾಯಿಯು ಬೀಡಿ ಕಟ್ಟಿ ಬ್ರಾಂಚಿಗೆ ಕೊಡುವವಳು. ತಂದೆಯು ಅಡಿಕೆ ತೋಟದ ಕೂಲಿಗೆ ಹೋಗುವವನು. ಬೆಳಿಗ್ಗೆ ಬಾವಿಯಿಂದ ನೀರು ತರುವುದು, ಹಟ್ಟಿಯ ಸೆಗಣಿ ಬಾಚುವುದು, ತಮ್ಮನನ್ನು ತೊಳೆದು ಉಣಿಸುವುದು ಇವೆಲ್ಲವೂ ಹನ್ನೊಂದು ವರ್ಷದ ಆ ಹುಡುಗಿಯ ಪಾಲಿಗೆ ಬಂದಿದ್ದುವು. ರಾತ್ರಿ ತಮ್ಮನು ಅತ್ತರೆ ಎದ್ದು ಕೂರುವವಳೂ ಅವಳೇ. ಅಣ್ಣನಿಗೆ ಯಾರೂ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ. ಅವನು ಕೆಟ್ಟವನೆಂದಲ್ಲ, ಅವನಿಗೆ ಹೇಳಬೇಕೆಂದು ಆ ಮನೆಯಲ್ಲಿ ಯಾರಿಗೂ ತೋರಿರಲಿಲ್ಲ. ನಮಗೂ ಅದುವರೆಗೆ ತೋರಿರಲಿಲ್ಲ. ಒಂದೇ ಮನೆಯೆಂದು ನಾವು ಎಣಿಸಿದ್ದುದು ಅವರಿಬ್ಬರ ಮಟ್ಟಿಗೆ ಎರಡು ಮನೆಗಳಾಗಿದ್ದುವು.

1998ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಅಮರ್ತ್ಯ ಸೇನರು ಈ ವಿಷಯವನ್ನು ಆಳವಾಗಿ ಆಲೋಚಿಸಿದವರು. ಆದಾಯವು ಬೇರೆ, ಆ ಆದಾಯದಿಂದ ಮನುಷ್ಯನು ಸಾಧಿಸಿಕೊಳ್ಳಬಲ್ಲ ಜೀವನವು ಬೇರೆ ಎಂಬುದು ಅವರ ಸಿದ್ಧಾಂತದ ಸಾರವು. 1999ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಅಂತರಕ್ಕೆ ಅವರು ಐದು ಕಾರಣಗಳನ್ನು ಎಣಿಸಿರುವರು: ದೇಹದಿಂದ ದೇಹಕ್ಕಿರುವ ಭೇದ, ನೆಲ-ಹವೆಗಳ ಭೇದ, ಊರಿನ ಸಾಮಾಜಿಕ ಸ್ಥಿತಿಯ ಭೇದ, ರೂಢಿಯು ಬಯಸುವ ಮರ್ಯಾದೆಯ ಭೇದ, ಕೊನೆಯದಾಗಿ ಕುಟುಂಬದೊಳಗಿನ ಹಂಚಿಕೆ. ಈ ಐದರಲ್ಲಿ ಮೊದಲನೆಯದೂ ಕೊನೆಯದೂ ನಮ್ಮ ಗೃಹಸ್ಥರಿಗೆ ಅತ್ಯಂತ ಸಮೀಪದವು. ಆದಕಾರಣ ನಡುವಣ ಮೂರನ್ನು ಬೇಗನೆ ದಾಟಿ ಇವೆರಡರಲ್ಲಿಯೇ ನಿಲ್ಲುವೆವು.

ದೇಹಭೇದವು ನಮ್ಮವರಿಗೆ ಹೊಸ ಮಾತಲ್ಲ. ಆಯುರ್ವೇದವು ರೋಗಿಯ ಪ್ರಕೃತಿಯನ್ನೂ ಜಠರಾಗ್ನಿಯನ್ನೂ ನೋಡದೆ ಪಥ್ಯವನ್ನು ಹೇಳುವುದಿಲ್ಲ. ಒಬ್ಬನಿಗೆ ಪುಷ್ಟಿಯಾಗುವ ಮೊಸರು ಇನ್ನೊಬ್ಬನಿಗೆ ಶೀತವಾಗುವುದು. ಈಗಿನ ಆಹಾರಶಾಸ್ತ್ರವು ಅದನ್ನೇ ಅಂಕೆಗಳಲ್ಲಿ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೊರಡಿಸಿದ ಕೋಷ್ಟಕದಂತೆ ಪ್ರಾಯದ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದ ಅಂಶವು ಆಹಾರದಲ್ಲಿ ಬೇಕು. ಹೆಂಗಸಿಗೆ 29 ಮಿಲಿಗ್ರಾಂ. ಅನ್ನವು ಗಂಡಸಿಗೆ ಹೆಚ್ಚು ಬೇಕಾದೀತು. ಸೊಪ್ಪು, ಹುರುಳಿ, ಮೀನುಗಳ ಸತ್ತ್ವವು ಹೆಂಗಸಿಗೆ ಹೆಚ್ಚು ಬೇಕು. ಹೀಗಿರಲು ಇಬ್ಬರಿಗೂ ಒಂದೇ ಅಳತೆಯಿಂದ ಬಡಿಸಿದರೂ ಅವಳಿಗೆ ಕೊರತೆಯೇ. ನಮ್ಮ ಮನೆಗಳಲ್ಲಾದರೋ ಒಂದೇ ಅಳತೆಯೂ ಇಲ್ಲ. ಮೀನು ತಿನ್ನುವವರ ಮನೆಯಲ್ಲಿ ನಡುತುಂಡು ಗಂಡಸರ ಬಟ್ಟಲಿಗೆ, ತಲೆಬಾಲಗಳು ಬಡಿಸಿದವಳಿಗೆ. ತಿನ್ನದವರ ಮನೆಯಲ್ಲಿ ಗಟ್ಟಿ ಮೊಸರು ಮೊದಲ ಪಂಕ್ತಿಗೆ, ತಿಳಿ ಮಜ್ಜಿಗೆ ಕೊನೆಯ ಪಂಕ್ತಿಗೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯು ಕಂಡುಬಂದಿತು. ಅದೇ ಪ್ರಾಯದ ಗಂಡಸರಲ್ಲಿ ನೂರಕ್ಕೆ 25 ಮಂದಿಗೆ. ಈ ಅಂತರಕ್ಕೆ ದೇಹಧರ್ಮವೂ ಕಾರಣ, ಪಂಕ್ತಿಕ್ರಮವೂ ಕಾರಣ. ಮೊದಲನೆಯದನ್ನು ದೇವರು ಮಾಡಿದನು. ಎರಡನೆಯದನ್ನು ನಾವು ಮಾಡಿದೆವು.

ನೆಲದ ಭೇದವನ್ನು ಪುತ್ತೂರು, ಸುಳ್ಯ, ಕಡಬ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಇಬ್ಬರು ಅಣ್ಣತಮ್ಮಂದಿರು ಒಂದೊಂದು ಎಕರೆ ಅಡಿಕೆ ತೋಟವನ್ನು ಪಾಲು ಮಾಡಿಕೊಂಡರೆನ್ನೋಣ. ಒಬ್ಬನದು ಪೇಟೆಯ ರಸ್ತೆಯ ಬದಿಗೆ. ಇನ್ನೊಬ್ಬನದು ತೋಡನ್ನು ದಾಟಿ ಆಚೆಗೆ, ಮಳೆಗಾಲದಲ್ಲಿ ಅಡಿಕೆ ಮರದ ಸಂಕದ ಮೇಲೆ ನಡೆದು ಹೋಗಬೇಕಾದಲ್ಲಿ. ಸಂಪಾಜೆ, ಅರಂತೋಡು ಮೊದಲಾದ ಕಡೆಗಳಲ್ಲಿ ಹಳದಿ ಎಲೆ ರೋಗವು ತಗಲಿ, ತಲೆಮಾರುಗಳಿಂದ ಮನೆಯನ್ನು ಸಾಕಿದ ತೋಟಗಳೇ ಬರಡಾದುವು. ದಸ್ತಾವೇಜಿನಲ್ಲಿ ಎಕರೆಗೆ ಎಕರೆಯೇ ಸಮ, ಬಾಳಿನಲ್ಲಿ ಸಮವಲ್ಲ.

ಇನ್ನು ದೇಹಭೇದ, ನೆಲದ ಭೇದ, ಮನೆಯೊಳಗಿನ ಹಂಚಿಕೆ, ಈ ಮೂರೂ ಒಂದೇ ಕಡೆಯಲ್ಲಿ ಕೂಡಿ ಬಂದ ಒಂದು ದುಃಖವನ್ನು ನಮ್ಮ ಜಿಲ್ಲೆಯು ಕಂಡಿರುವುದು. ಗೇರುಮರದ ಎಳೆ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಚಹಾ ಸೊಳ್ಳೆಯೆಂಬ ಕೀಟವಿದೆ. ಇದರ ನಿವಾರಣೆಗೆಂದು ಎಂಡೋಸಲ್ಫಾನ್ ಎಂಬ ವಿಷವನ್ನು ಗೇರು ಅಭಿವೃದ್ಧಿ ನಿಗಮದ ಗುಡ್ಡೆಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ಗಡಿಯಾಚೆಗೆ ಕಾಸರಗೋಡಿನ ಎಣ್ಮಕಜೆ, ಪಡ್ರೆ ಮುಂತಾದ ಊರುಗಳಲ್ಲಿಯೂ ಇದೇ ನಡೆಯಿತು. ಗುಡ್ಡೆಯ ಕೆಳಗೆ ಮನೆ, ಬಾವಿ, ಹಟ್ಟಿ, ತೋಡು. ಆ ಊರುಗಳಲ್ಲಿ ಬುದ್ಧಿ ಬೆಳೆಯದ, ಕೈಕಾಲುಗಳಲ್ಲಿ ಬಲವಿಲ್ಲದ, ಮಾತು ಬಾರದ ಮಕ್ಕಳು ಅಧಿಕವಾಗಿ ಕಂಡುಬಂದರು. 2011ರ ಎಪ್ರಿಲ್ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು ಈ ವಿಷವನ್ನು ತ್ಯಜಿಸಲು ತೀರ್ಮಾನಿಸಿದುವು; ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಇದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. ಮೇಲೆ ಹೇಳಿದ ಹುಡುಗನ ವ್ಯಾಧಿಗೆ ಇದೇ ಕಾರಣವೆಂದು ಹೇಳಲು ನಾವು ವೈದ್ಯರಲ್ಲ. ಆದರೆ ಆ ಮನೆಯ ಮೇಲ್ಗಡೆ ಗೇರು ಗುಡ್ಡೆಯಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇಲ್ಲಿ ವಾಚಕರು ಗಮನಿಸತಕ್ಕ ಒಂದಂಶವಿದೆ. ಸಿಂಪಡಿಸಿದ ಮಂಜು ಒಂದು ಊರಿನ ಮೇಲೆಲ್ಲ ಬಿದ್ದಿತು; ಆದರೆ ಎಲ್ಲ ಮನೆಗಳಿಗೂ ಒಂದೇ ಬಗೆಯ ಸಂಕಟವು ಬರಲಿಲ್ಲ. ಒಂದೇ ಮನೆಯಲ್ಲಿ ಮೂರು ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದು ನಾಲ್ಕನೆಯದು ಚಾಪೆಯನ್ನೇ ಹಿಡಿದುದೂ ಉಂಟು. ಅಂತಹ ಒಂದು ಮನೆಯನ್ನೂ ಅದರ ನೆರೆಯಲ್ಲಿರುವ, ಅಷ್ಟೇ ಆದಾಯದ, ಆರೋಗ್ಯವಂತರ ಮನೆಯನ್ನೂ ತುಲನೆ ಮಾಡಿರಿ. ಎರಡು ಮನೆಗಳಿಗೂ ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿ ಬರುವುದೆಂದು ಇಟ್ಟುಕೊಳ್ಳೋಣ. ಮೊದಲನೆಯ ಮನೆಯಲ್ಲಿ ಔಷಧ, ಮಂಗಳೂರಿಗೆ ಹೋಗಿ ಬರುವ ಬಾಡಿಗೆ ಕಾರು, ಮೆತ್ತನೆಯ ಆಹಾರ, ಬಟ್ಟೆ, ಸಾಬೂನು ಇವುಗಳಿಗೆ ಒಂದಷ್ಟು ವೆಚ್ಚವಾಗುವುದು. ಅದಕ್ಕಿಂತ ದೊಡ್ಡದು, ಇನ್ನೊಬ್ಬರ ಸಂಪಾದನೆಯೇ ಇಲ್ಲವಾಗುವುದು. ಏಕೆಂದರೆ ಆ ಮಗುವನ್ನು ಬಿಟ್ಟು ಒಬ್ಬರು ಕದಲುವಂತಿಲ್ಲ. ಸರಕಾರವು ಅಂಗವೈಕಲ್ಯದ ಪ್ರಮಾಣವನ್ನು ಶೇಕಡಾವಾರು ಅಳೆದು, ಸಂತ್ರಸ್ತರಿಗೆ ಮಾಸಾಶನವನ್ನು ಗೊತ್ತುಮಾಡಿತು. ಅದು ಯುಕ್ತವೇ. ಆದರೆ ಅಳೆದುದು ಮಲಗಿದವನ ದೇಹವನ್ನು ಮಾತ್ರ. ಅವನ ಬಳಿಯಲ್ಲಿ ಕುಳಿತವಳ ಬೆನ್ನುನೋವನ್ನು ಯಾವ ಮಂಡಳಿಯೂ ಶೇಕಡಾವಾರು ಅಳೆಯಲಿಲ್ಲ.

ಅವಳು ಯಾರು? ಬಹುಮಟ್ಟಿಗೆ ತಾಯಿ, ಕೆಲವೆಡೆ ಅಜ್ಜಿ, ಕೆಲವೆಡೆ ಅಕ್ಕ. ನೆಂಟರಿಷ್ಟರ ಮದುವೆಗೆ ಮನೆಯವರೆಲ್ಲರೂ ಹೊರಟಾಗ ಉಳಿಯುವವಳು ಅವಳು. ಮಗುವಿನ ತೂಕವು ವರ್ಷವರ್ಷಕ್ಕೂ ಏರುವುದು, ಎತ್ತುವವಳ ಶಕ್ತಿಯು ವರ್ಷವರ್ಷಕ್ಕೂ ಇಳಿಯುವುದು. ‘ನನ್ನ ಅನಂತರ ಇವನಿಗೆ ಯಾರು?’ ಎಂಬ ಚಿಂತೆಯು ರಾತ್ರಿಯ ನಿದ್ರೆಯನ್ನು ತಿನ್ನುವುದು. ಆ ಮನೆಯ ಆದಾಯವನ್ನು ತಲೆಗಳಿಂದ ಭಾಗಿಸಿ, ಇಷ್ಟಿಷ್ಟು ಸುಖವು ಪ್ರತಿಯೊಬ್ಬರಿಗೂ ಬಂದಿತೆಂದು ಲೆಕ್ಕ ಹಾಕುವವರು ನಮ್ಮಂತಹ ಮೇಷ್ಟರುಗಳೇ ಸರಿ.

ಕಡಬ ತಾಲೂಕಿನ ಕೊಯಿಲದಲ್ಲಿಯೂ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿಯೂ ಎಂಡೋಸಲ್ಫಾನ್ ಸಂತ್ರಸ್ತರಿಗಾಗಿ ದಿನಪಾಲನಾ ಕೇಂದ್ರಗಳು ಸ್ಥಾಪಿತವಾದುದು ಈ ದೃಷ್ಟಿಯಿಂದ ಬಹಳ ಮಹತ್ತ್ವದ ಸಂಗತಿಯು. ಮಕ್ಕಳನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ, ಹಗಲೆಲ್ಲ ಪಾಲಿಸಿ, ಸಂಜೆ ಮನೆಗೆ ಮುಟ್ಟಿಸುವುದು ಇಂತಹ ಕೇಂದ್ರದ ಕ್ರಮ. ಇದರಿಂದ ಮಗುವಿಗೆ ವ್ಯಾಯಾಮ, ಸಂಗಾತಿಗಳ ಮುಖದರ್ಶನ ದೊರೆಯುವುದೆಂಬುದು ಒಂದು ಲಾಭ. ತಾಯಿಗೆ ಒಂದು ಹಗಲು ದೊರೆಯುವುದೆಂಬುದು ಇನ್ನೊಂದು. ಆ ಹಗಲಿನಲ್ಲಿ ಅವಳು ಕೂಲಿಗೆ ಹೋಗಲಿ, ಬೀಡಿ ಕಟ್ಟಲಿ, ಸುಮ್ಮನೆ ಒರಗಿ ನಿದ್ರಿಸಲಿ, ಅದು ಅವಳದು. ಹಣದ ರೂಪದಲ್ಲಿ ಕೊಡಲಾಗದ ಭಾಗ್ಯಗಳೂ ಇವೆಯೆಂಬುದಕ್ಕೆ ಇದೇ ದೃಷ್ಟಾಂತವು. ಆದರೆ ವಾಹನವು ಬರಬಲ್ಲ ರಸ್ತೆಯ ಬದಿಯ ಮನೆಗೆ ಈ ಲಾಭವು ಸುಲಭ. ಸಂಕದಾಚೆಯ ಮನೆಗೆ ಕಷ್ಟ. ಬೆಳೆದ ಮಗನನ್ನು ಹೆಗಲ ಮೇಲೆ ಹೊತ್ತು ಮಳೆಗಾಲದ ತೋಡನ್ನು ದಾಟುವ ತಾಯಿಗೆ ಕೇಂದ್ರವಿದ್ದೂ ಇಲ್ಲದಂತೆಯೇ.

ಸರಕಾರದ ಹಂಚಿಕೆಯ ಲೆಕ್ಕವೂ ಇದೇ ತೊಡಕಿನಲ್ಲಿ ಸಿಕ್ಕಿಕೊಂಡಿದೆ. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಪಡಿತರ ಚೀಟಿಯವರಿಗೆ ತಲೆಗೆ 5 ಕಿಲೋ ಧಾನ್ಯ. ಅಂತ್ಯೋದಯದವರಿಗೆ ಮನೆಗೆ 35 ಕಿಲೋ. ಅಂತ್ಯೋದಯದ ಮನೆಯಲ್ಲಿ ಇಬ್ಬರಿದ್ದರೂ ಅಷ್ಟೇ, ಒಂಬತ್ತು ಮಂದಿಯಿದ್ದರೂ ಅಷ್ಟೇ. ತಲೆಯನ್ನು ಎಣಿಸಿದರೂ ಮನೆಯನ್ನು ಎಣಿಸಿದರೂ ಅಕ್ಕಿಯು ನ್ಯಾಯಬೆಲೆ ಅಂಗಡಿಯಿಂದ ಹೊಸ್ತಿಲವರೆಗೆ ಮಾತ್ರ ಸರಕಾರದ ಕೈಯಲ್ಲಿರುವುದು. ಹೊಸ್ತಿಲಿನಿಂದ ಬಟ್ಟಲಿಗೆ ಹೋಗುವ ದಾರಿಯು ಗೃಹಸ್ಥನದು. ಅದೇ ಕಾಯಿದೆಯು ಮನೆಯ ಹಿರಿಯ ಹೆಂಗಸನ್ನು ಪಡಿತರ ಚೀಟಿಯ ಮುಖ್ಯಸ್ಥೆಯೆಂದು ಪರಿಗಣಿಸಿತು. 2023ರಲ್ಲಿ ಕರ್ನಾಟಕ ಸರಕಾರವು ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯು ಮಾಸಕ್ಕೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೆ ಕಳುಹುವಂತೆ ಏರ್ಪಡಿಸಿತು. ಇವೆರಡೂ ಹೊಸ್ತಿಲಿನ ಒಳಕ್ಕೆ ಒಂದು ಹೆಜ್ಜೆಯಿಡುವ ಪ್ರಯತ್ನಗಳೇ. ಹಣವು ಯಾರ ಕೈಗೆ ಮೊದಲು ಬಂದಿತೆಂಬುದರ ಮೇಲೆ ಅದು ಯಾವುದಕ್ಕೆ ವ್ಯಯವಾಗುವುದೆಂಬುದು ಬಹಳ ಮಟ್ಟಿಗೆ ನಿಂತಿದೆಯೆಂದು ನಮ್ಮ ಊರಿನ ಕಿರಾಣಿ ಅಂಗಡಿಯವರೂ ಹೇಳಬಲ್ಲರು.

ಆದರೆ ಹೆಸರು ಒಂದು, ಅಧಿಕಾರವು ಒಂದು ಎಂಬುದನ್ನು ಮರೆಯಲಾಗದು. ನಮ್ಮ ಜಿಲ್ಲೆಯ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟಿತ್ತು. ಆಸ್ತಿಯು ತಾಯಿಯ ಸಂತತಿಯಲ್ಲಿ ಹರಿಯುತ್ತಿತ್ತು. ಹೆಣ್ಣುಮಗಳ ಪೀಳಿಗೆಯಿಂದಲೇ ಕವರು ಎಣಿಸುತ್ತಿದ್ದರು. ಪರವೂರಿನವರು ಇದನ್ನು ಕೇಳಿ, ಇಲ್ಲಿ ಹೆಂಗಸರದೇ ರಾಜ್ಯವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಯಜಮಾನಿಕೆಯು ಬಹುಶಃ ಸೋದರಮಾವನ ಕೈಯಲ್ಲಿರುತ್ತಿತ್ತು. ಗಂಡನ ಮನೆಯಲ್ಲಿ ಸುಖವಿಲ್ಲದಿದ್ದರೆ ಹಿಂದಿರುಗಿ ಬರಲು ಅವಳಿಗೊಂದು ತರವಾಡು ಮನೆಯಿತ್ತೆಂಬುದು ದೊಡ್ಡ ಮಾತೇ. ಆದರೂ ಕಣಜದ ಬೀಗದಕೈ ಅವಳ ಸೆರಗಿನಲ್ಲಿ ಇರುತ್ತಿದ್ದುದು ಎಲ್ಲ ಮನೆಗಳಲ್ಲಿಯೂ ಅಲ್ಲ. 1949ರ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿ, ಇವೆಲ್ಲವೂ ಭಾಗವನ್ನು ನಿಶ್ಚಯಿಸಿದುವು. ಭಾಗ್ಯವನ್ನು ನಿಶ್ಚಯಿಸುವುದು ಕಾಯಿದೆಯಿಂದ ಮಾತ್ರ ಆಗದು.

ಅನ್ನ, ಹಣ, ಆಸ್ತಿಗಳಿಗಿಂತಲೂ ವಿಷಮವಾಗಿ ಹಂಚಿಹೋಗುವ ವಸ್ತುವೊಂದಿದೆ. ಅದು ಹೊತ್ತು. ಕೇಂದ್ರ ಸರಕಾರವು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರೊಳಗೆ ಹೆಂಗಸರು ದಿನಕ್ಕೆ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ಅದರಲ್ಲಿ ಕಳೆಯುವರೆಂದು ಕಂಡಿತು. ಮೂರು ಗಂಟೆ ಇಪ್ಪತ್ತೊಂದು ನಿಮಿಷಗಳ ವ್ಯತ್ಯಾಸ! ಗಂಡಸರೊಳಗೆ ಯಾವ ಮನೆಗೆಲಸವನ್ನೂ ಮಾಡದವರು ಈ ಲೆಕ್ಕಕ್ಕೆ ಸೇರಿಯೇ ಇಲ್ಲವೆಂಬುದನ್ನೂ ನೆನಪಿಡಬೇಕು. ಪಾಠ ಓದುವುದು, ದಣಿವಾರಿಸುವುದು, ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗುವುದು, ಭಜನೆಗೋ ಯಕ್ಷಗಾನಕ್ಕೋ ಹೋಗಿ ಕೂರುವುದು, ಇವುಗಳಿಗೆಲ್ಲ ಮೊದಲು ಬೇಕಾದುದು ಹೊತ್ತು. ಅದಿಲ್ಲದವರಿಗೆ ಬೇರೆ ಯಾವ ಭಾಗವು ಬಂದರೂ ಅನುಭವಕ್ಕೆ ಬಾರದು.

ಇಲ್ಲಿ ಒಂದು ಆಕ್ಷೇಪವನ್ನು ಕೆಲವರು ತೆಗೆಯಬಹುದು. “ಮನೆಯೆಂದರೆ ಪ್ರೀತಿಯ ಸ್ಥಾನ, ಅಲ್ಲಿ ತಕ್ಕಡಿ ಹಿಡಿಯುವುದು ತರವೇ? ಹೀಗೆ ಲೆಕ್ಕ ಹಾಕಿದರೆ ಕುಟುಂಬಗಳು ಒಡೆಯಲಾರವೇ?” ಎಂದು. ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಮನೆಯಲ್ಲಿ ಎಲ್ಲವನ್ನೂ ಸಮನಾಗಿ ತೂಗಿ ಕೊಡಬೇಕೆಂಬುದು ನಮ್ಮ ಮತವೇ ಅಲ್ಲ. ಅದಕ್ಕೆ ವಿರುದ್ಧವಾದುದನ್ನೇ ನಾವು ಹೇಳುತ್ತಿರುವೆವು. ಬಾಣಂತಿಗೆ ಹೆಚ್ಚು, ಪರೀಕ್ಷೆಗೆ ಓದುವವನಿಗೆ ದೀಪದ ಹತ್ತಿರದ ಜಾಗ, ಹಲ್ಲಿಲ್ಲದ ಅಜ್ಜನಿಗೆ ಮೆತ್ತಗಿನ ಗಂಜಿ, ಇದು ನಮ್ಮ ಮನೆಗಳ ಹಳೆಯ ಧರ್ಮ. ಬೇಕಾದವರಿಗೆ ಬೇಕಾದಷ್ಟು ಎಂಬ ಈ ನ್ಯಾಯವನ್ನು ಜಗತ್ತಿಗೆ ಕಲಿಸಿದುದೇ ಕುಟುಂಬವು. ನಮ್ಮ ದೂರು ಇಷ್ಟೇ: ಈ ನ್ಯಾಯವು ಕೆಲವರ ಬಳಿಗೆ ಬಂದಾಗ ಮಾತ್ರ ನಿದ್ರೆ ಹೋಗುತ್ತದೆ. ತಾನೇ ಬೇಡವೆನ್ನುವವಳ ಕೊರತೆಯನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. “ನನಗೆ ಹಸಿವಿಲ್ಲ, ನೀವು ಉಣ್ಣಿರಿ” ಎಂಬ ಮಾತನ್ನು ನಾವು ಎಷ್ಟು ವರ್ಷ ನಿಜವೆಂದು ನಂಬಿದೆವು! ಸಂತೃಪ್ತಿಯು ಗುಣವೇ, ಆದರೆ ಒಬ್ಬರ ಸಂತೃಪ್ತಿಯನ್ನು ತೋರಿಸಿ ಅವರಿಗೆ ಸಲ್ಲಬೇಕಾದುದನ್ನು ಕಡಿಮೆ ಮಾಡುವುದು ಗುಣವಲ್ಲ.

ಮನೆಯು ವೈಷಮ್ಯವನ್ನು ಬೆಳೆಸುವಂತೆಯೇ ಅಳಿಸಬಲ್ಲುದೂ ಹೌದು. ಪ್ರಕೃತಿಯು ಒಂದು ಮಗುವಿಗೆ ಕಾಲಿನ ಬಲವನ್ನು ಕೊಡದಿರಬಹುದು. ಮನೆಯವರು ಸರದಿಯಂತೆ ಎತ್ತಿಕೊಂಡರೆ ಅದರ ಕೊರತೆಯ ಭಾರವು ಒಬ್ಬಳ ಬೆನ್ನಿನ ಮೇಲೆ ಬೀಳದು. ಆದುದರಿಂದ ನಮ್ಮ ಗೃಹಸ್ಥರು ವಾರಕ್ಕೊಂದು ಸಲವಾದರೂ ಕೆಲವು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳುವುದು ಒಳ್ಳೆಯದು. ಈ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರಿಗೆ ಪಲ್ಯವು ಉಳಿದಿರುವುದೇ? ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಅನಂತರ ಮಲಗುವವರು ಯಾರು? ಈ ತಿಂಗಳು ಒಮ್ಮೆಯೂ ಅಂಗಳವನ್ನು ದಾಟದವರು ಯಾರು? ರೋಗಿಯಿದ್ದ ಮನೆಯಾದರೆ, ಶುಶ್ರೂಷೆ ಮಾಡುವವರಿಗೆ ವಾರದಲ್ಲಿ ಒಂದು ಮಧ್ಯಾಹ್ನವಾದರೂ ಬಿಡುವು ಉಂಟೇ? ನೆರೆಯವರಿಗೂ ಇಲ್ಲಿ ಕರ್ತವ್ಯವಿದೆ. ಕಾಯಿಲೆಯ ಮಗುವಿರುವ ಮನೆಗೆ ಹೋಗಿ ‘ಪಾಪ’ ಎಂದು ಹೇಳಿ ಬರುವುದಕ್ಕಿಂತ, “ನೀವು ಪೇಟೆಗೆ ಹೋಗಿ ಬನ್ನಿ ಅಕ್ಕಾ, ಸಂಜೆಯವರೆಗೆ ನಾನು ಕೂರುತ್ತೇನೆ” ಎನ್ನುವುದು ಮೇಲು. ಊರಿನ ಪಂಚಾಯತಿನವರು ಸಂಕವಿರುವಲ್ಲಿ ಸೇತುವೆಯನ್ನು ಕಟ್ಟುವಾಗ ಮನೆಗಳ ಸಂಖ್ಯೆಯನ್ನು ಮಾತ್ರ ನೋಡದೆ, ಆಚೆ ದಡದಲ್ಲಿ ನಡೆಯಲಾಗದವರು ಯಾರಿದ್ದಾರೆಂದೂ ನೋಡಲಿ.

ಕಳೆದ ವರ್ಷ ಪುತ್ತೂರಿನ ಬಸ್ಸು ನಿಲ್ದಾಣದಲ್ಲಿ ನಲ್ವತ್ತು ದಾಟಿದ ಹೆಂಗಸೊಬ್ಬಳು “ಮಾಷ್ಟ್ರೇ, ಗುರುತು ಸಿಕ್ಕಿತಾ?” ಎಂದು ಕೇಳಿದಳು. ಅದೇ ಹುಡುಗಿ. ಮಗಳನ್ನು ಕಾಲೇಜಿಗೆ ಸೇರಿಸಲು ಬಂದಿದ್ದಳು. ಚಾಪೆಯ ಮೇಲಿದ್ದ ತಮ್ಮನು ತೀರಿಹೋಗಿ ಬಹಳ ವರ್ಷಗಳಾದುವಂತೆ. ಅಣ್ಣನು ಬೆಂಗಳೂರಿನಲ್ಲಿ ಚೆನ್ನಾಗಿದ್ದಾನಂತೆ. ತಾನು ಏಳನೆಯ ತರಗತಿಗೇ ಶಾಲೆಯನ್ನು ಬಿಟ್ಟುದನ್ನು ಆಕೆ ಯಾರ ಮೇಲೆಯೂ ತಪ್ಪು ಹೊರಿಸದೆ ಹೇಳಿದಳು. ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ನಾವು ಕ್ಷಮೆ ಕೇಳಿದೆವು. ಆಕೆ ನಕ್ಕು, “ಲೆಕ್ಕ ನನಗೆ ಬರುತ್ತಿತ್ತು ಮಾಷ್ಟ್ರೇ. ಮಾಡಲಿಕ್ಕೆ ಹೊತ್ತೇ ಇರಲಿಲ್ಲ” ಎಂದಳು. ಬಳಿಕ ಮಗಳನ್ನು ತೋರಿಸಿ, “ಇವಳಿಗೆ ಬೆಳಿಗ್ಗೆ ನಾನು ಯಾವ ಕೆಲಸವನ್ನೂ ಹೇಳುವುದಿಲ್ಲ, ಸಂಜೆ ಮಾತ್ರ, ಅದೂ ತಮ್ಮನ ಜೊತೆಯಲ್ಲಿ ಪಾಲು ಮಾಡಿ” ಎಂದಳು.

ನಾವು ಮೂವತ್ತು ವರ್ಷ ಕಲಿಸಿದ ಭಾಗಾಕಾರಕ್ಕಿಂತ ಆಕೆ ತನ್ನ ಮನೆಯಲ್ಲಿ ಮಾಡಿದ ಈ ಭಾಗಾಕಾರವು ಸರಿಯಾದುದೆಂದು ನಮಗೆ ತೋರಿತು. ವಾಚಕರ ಮನೆಗಳಲ್ಲಿಯೂ ಅಂತಹ ಲೆಕ್ಕವು ಕೂಡಿಬರಲಿ.